ಅಮ್ಮನ ಲ್ಯಾಪ್‌ಟಾಪು, ಅಜ್ಜಿಯ ಹಾಡು, ನನ್ನ ಲಿನಕ್ಸು

ಮೊದಲೇ ಒಂದು ತಪ್ಪೊಪ್ಪಿಗೆ. ನಾನು ಕಂಪ್ಯೂಟರ್ ಸೈನ್ಸ್ ಓದಿದವನು, ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ಆಫೀಸಿನಲ್ಲಿ ನಾನು ಬರೆದ ಕೋಡು ಓಡುವುದೆಲ್ಲ ಲಿನಕ್ಸ್ ಸರ್ವರುಗಳ ಮೇಲೆ. ದಿನಕ್ಕೆ ಹತ್ತು ಸಲ ಆ ಕಪ್ಪು ಪರದೆಗೆ ಲಾಗಿನ್ ಆಗಿ, ಕೈಮುಗಿದು, ಲಾಗ್ ಓದಿ ಬರುತ್ತೇನೆ. ಆದರೆ ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿಕೊಂಡು ಒಂದೇ ಒಂದು ದಿನ ಬದುಕಿದವನಲ್ಲ. ಶಾಲೆಯಲ್ಲಿ ವಿಂಡೋಸ್ ಎಕ್ಸ್‌ಪಿ, ಪಿಯುಸಿಯಲ್ಲಿ ವಿಂಡೋಸ್ 7, ಇಂಜಿನಿಯರಿಂಗಿನಲ್ಲಿ ವಿಂಡೋಸ್ 10. ನಮ್ಮ ಟೀಮಿನಲ್ಲೊಬ್ಬ ಲಿನಕ್ಸ್ ಭಕ್ತ ಇದ್ದಾನೆ. "ನೀನು ಮದುವೆ ಮನೆಗೆಲ್ಲ ಅಡುಗೆ ಮಾಡೋ ಭಟ್ಟ, ಮನೇಲಿ ಮಾತ್ರ ಬ್ರೆಡ್ಡು ತಿಂತೀಯ" ಅಂತ ಅವನು ಕಾಲೆಳೆಯುತ್ತಾ ಇರುತ್ತಾನೆ. ನಾನು ನಕ್ಕು ಸುಮ್ಮನಾಗುತ್ತಿದ್ದೆ :)

ಸುಮ್ಮನಿರಲಾಗದ ದಿನವೂ ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ಅದಾದ ಒಂದು ವಾರಕ್ಕೆ ದೀಪಾವಳಿ. ನಮ್ಮ ಸಾಗರದ ಕಡೆ ದೀಪಾವಳಿ ಅಂದರೆ ದೊಡ್ಡ ಹಬ್ಬ, ಆ ಹಬ್ಬಕ್ಕೆ ಊರಿಗೆ ಹೋಗದಿದ್ದರೆ ಅಮ್ಮ ಮುಂದಿನ ದೀಪಾವಳಿವರೆಗೆ ನೆನಪಿಸುತ್ತಾಳೆ. ಹೋದೆ. ಗೋಪೂಜೆ ಆಯ್ತು, ಹೋಳಿಗೆ ಆಯ್ತು. ಮಧ್ಯಾಹ್ನ ಕಣ್ಣು ಎಳೆಯುತ್ತಿದ್ದಾಗ ಅಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು.

"ನೋಡೋ ಮಾರಾಯ, ಇದು ದಿನಾ ಏನೋ ಹೆದರಿಸ್ತಾ ಇದೆ. ಅವಧಿ ಮುಗೀತು ಅಂತಿದೆ. ಹಾಲಿನ ಪ್ಯಾಕೆಟ್ಟಾ ಇದು?"

ಆ ಲ್ಯಾಪ್‌ಟಾಪಿಗೆ ಒಂದು ಕತೆ ಇದೆ. 2016ರಲ್ಲಿ ನಾನು ಇಂಜಿನಿಯರಿಂಗ್ ಸೇರಿದಾಗ ಅಮ್ಮ ಶಿಕ್ಷಕರ ಸೊಸೈಟಿಯಲ್ಲಿ ಸಾಲ ತೆಗೆದು ಕೊಡಿಸಿದ್ದು. ಇಂಟೆಲ್ ಐ3, ಆರನೇ ತಲೆಮಾರು, 4 ಜಿಬಿ ರ್‍ಯಾಮ್, ಒಂದು ಟಿಬಿಯ ತಿರುಗುವ ಹಾರ್ಡ್‌ಡಿಸ್ಕ್. 2020ರಲ್ಲಿ ನನಗೆ ಕೆಲಸ ಸಿಕ್ಕಿ ಕಂಪನಿ ಲ್ಯಾಪ್‌ಟಾಪ್ ಬಂದ ಮೇಲೆ ಇದು ಅಮ್ಮನದಾಯಿತು. ಅಮ್ಮ ಪ್ರಾಥಮಿಕ ಶಾಲೆಯ ಟೀಚರಾಗಿದ್ದವಳು, ಈಗ ನಿವೃತ್ತಳು. ಇಲಾಖೆಯ ಕಂಪ್ಯೂಟರ್ ತರಬೇತಿಯಲ್ಲಿ ನುಡಿ ಕಲಿತಿದ್ದಳು. ಲಾಕ್‌ಡೌನಿನಲ್ಲಿ ಶಾಲೆ ಮುಚ್ಚಿದಾಗ ಸಮಯ ಕಳೆಯಲು ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳಿಗೆ ಬರುತ್ತಿದ್ದ ಹಾಡುಗಳನ್ನೆಲ್ಲ ಟೈಪ್ ಮಾಡಲು ಶುರುಮಾಡಿದಳು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು, ಬೀಗರನ್ನು ಆಡಿಕೊಳ್ಳುವ ಹಾಡು... ಒಟ್ಟು 63 ಹಾಡು. 2022ರಲ್ಲಿ ಅಜ್ಜಿ ಹೋದಳು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಹಾಗಾಗಿ ಅವಳ ಕೈಬರಹದ ಪುಸ್ತಕ ಅಂತ ಏನೂ ಇಲ್ಲ. ಇರುವುದು ಈ ಫೈಲುಗಳು ಮಾತ್ರ.

ಇರಲಿ, ವಿಷಯಕ್ಕೆ ಬರುತ್ತೇನೆ.

ವಿಂಡೋಸ್ 11 ಈ ಲ್ಯಾಪ್‌ಟಾಪಿಗೆ ಅಧಿಕೃತವಾಗಿ ಆಗುವುದಿಲ್ಲ. ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕು, ಟಿಪಿಎಂ 2.0 ಬೇಕು. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ, ಭದ್ರತಾ ಅಪ್‌ಡೇಟ್ ಮಾತ್ರ ಪಡೆಯುವ ದಾರಿಯೇನೋ ಇತ್ತು. ಅದಾದ ಮೇಲೆ ಮತ್ತದೇ ಪ್ರಶ್ನೆ. ಹೊಸದು ಕೊಡಿಸುತ್ತೇನೆ ಅಂದರೆ ಅಮ್ಮ ಕೇಳಲ್ಲ. "ಕೀಲಿ ಒತ್ತಿದ್ರೆ ಅಕ್ಷರ ಬರ್ತಿದೆ ಅಲ್ವಾ, ಮತ್ಯಾಕೆ ಹೊಸದು?" ಅಂತಾಳೆ. ಅವಳ ವಾದದಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಭಕ್ತನಿಗೆ ಫೋನ್ ಮಾಡಿದೆ. ಅವನು ಇದಕ್ಕೇ ಕಾಯುತ್ತಿದ್ದವನ ಹಾಗೆ "ಲಿನಕ್ಸ್ ಮಿಂಟ್ ಹಾಕು" ಅಂದ. ಆಗಷ್ಟೇ, ಸೆಪ್ಟೆಂಬರಿನಲ್ಲಿ, 22.2 ಬಿಡುಗಡೆಯಾಗಿತ್ತು. ಮಿಂಟಿನ ಬಿಡುಗಡೆಗಳಿಗೆಲ್ಲ ಹೆಣ್ಣಿನ ಹೆಸರಿಡುತ್ತಾರೆ, ಇದರ ಹೆಸರು ಜಾರಾ. ಉಬುಂಟು 24.04ರ ಬುನಾದಿ, 2029ರವರೆಗೆ ಅಪ್‌ಡೇಟ್. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ... ವಿಂಡೋಸ್ ಬಳಸಿದವರಿಗೆ ಬೇರೆಯವರ ಮನೆಗೆ ಬಂದ ಹಾಗೆ ಅನ್ನಿಸುವುದಿಲ್ಲ.

ಸುಮಾರು 3 ಜಿಬಿಯ ಫೈಲು ಇಳಿಯಲು ನಮ್ಮೂರಿನ ಇಂಟರ್ನೆಟ್ಟಿನಲ್ಲಿ ಸಂಜೆಯಾಯಿತು. ರೂಫಸ್ ಅನ್ನುವ ಪುಟ್ಟ ತಂತ್ರಾಂಶದಿಂದ ಅದನ್ನು ಪೆನ್‌ಡ್ರೈವಿಗೆ ಬರೆದು, ಪೆನ್‌ಡ್ರೈವಿನಿಂದಲೇ ಲ್ಯಾಪ್‌ಟಾಪ್ ಶುರುಮಾಡಿದೆ. ಇದರಲ್ಲೊಂದು ಒಳ್ಳೆಯ ಗುಣವಿದೆ: ಡಿಸ್ಕಿಗೆ ಏನೂ ಹಾಕದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಸೀರೆ ಅಂಗಡಿಯಲ್ಲಿ ಹೆಗಲ ಮೇಲೆ ಹೊದ್ದು ನೋಡಿದ ಹಾಗೆ. ಪರದೆ ಬಂತು, ಶಬ್ದ ಬಂತು, ಟಚ್‌ಪ್ಯಾಡ್ ಕೆಲಸ ಮಾಡಿತು. ವೈಫೈ ಮಾತ್ರ ರೂಟರಿನ ತೊಡೆ ಮೇಲೆ ಕೂತರೆ ಸಿಗುತ್ತಿತ್ತು, ಜಗುಲಿಗೆ ಬಂದರೆ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಉತ್ಸಾಹ ಏರಿತು. ಮೊದಲೇ ಅಮ್ಮನ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು ಎಲ್ಲ ಇನ್ನೊಂದು ಪೆನ್‌ಡ್ರೈವಿಗೆ ತುಂಬಿಟ್ಟಿದ್ದೆ. ಬ್ಯಾಟರಿ ಸತ್ತು ವರ್ಷಗಳಾಗಿದ್ದರಿಂದ ಕರೆಂಟ್ ಹೋದರೂ ಇರಲಿ ಅಂತ ಇನ್ವರ್ಟರ್ ಪ್ಲಗ್ಗಿಗೆ ಸಿಕ್ಕಿಸಿದೆ. ಎಷ್ಟು ಜವಾಬ್ದಾರಿ ನೋಡಿ! ಇನ್‌ಸ್ಟಾಲರ್ ಕೇಳಿತು: ವಿಂಡೋಸಿನ ಪಕ್ಕದಲ್ಲೇ ಹಾಕಲೋ, ಇಡೀ ಡಿಸ್ಕ್ ಅಳಿಸಿ ಹಾಕಲೋ? ನಾನು ಗಂಡಸಿನ ಹಾಗೆ ಅಳಿಸು ಅನ್ನುವುದನ್ನೇ ಆರಿಸಿದೆ. ಇನ್ನು ಬಟನ್ ಒತ್ತಬೇಕು...

ಅಮ್ಮ ಹಿಂದೆ ನಿಂತು ನೋಡುತ್ತಿದ್ದಳು. "ಡಿ ಡ್ರೈವು?" ಅಂದಳು.

"ಡಿ ಡ್ರೈವಿಗೇನು?"

"ಅದೂ ಹೋಗತ್ತಾ?"

ನನ್ನ ಬೆರಳು ಅಲ್ಲೇ ನಿಂತಿತು. ಸಿ ಮತ್ತು ಡಿ ಅಂತ ನಾವು ಎರಡು ಹೆಸರಿನಿಂದ ಕರೆಯುತ್ತೇವೆ ಅಷ್ಟೇ, ಒಳಗಿರುವುದು ಒಂದೇ ಡಿಸ್ಕು. ಒಂದೇ ಮನೆಗೆ ಎರಡು ಕೋಣೆ ಇದ್ದ ಹಾಗೆ. ಅಳಿಸು ಅಂದರೆ ಮನೆಯೇ ನೆಲಸಮ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೇನೆ. ಡಿ ಡ್ರೈವಿನಲ್ಲಿ 'ಹಳೇದು' ಅಂತ ಒಂದು ಫೋಲ್ಡರ್ ಇತ್ತು. ನನ್ನ ಕಾಲೇಜಿನ ಸಿನಿಮಾಗಳಿರಬೇಕು ಅಂತ ನಾನು ಅದನ್ನು ಮುಟ್ಟಿರಲಿಲ್ಲ. ಅದರೊಳಗೆ 'ಅಮ್ಮ' ಅಂತ ಇನ್ನೊಂದು ಫೋಲ್ಡರ್. ನನ್ನ ಅಮ್ಮ ತನ್ನ ಅಮ್ಮನ ಹಾಡುಗಳನ್ನು ಇಟ್ಟಿದ್ದು ಅದರಲ್ಲಿ. 41 ಫೈಲು. ಬೇರೆಲ್ಲೂ ಇನ್ನೊಂದು ಪ್ರತಿ ಇರಲಿಲ್ಲ.

ನಾನು ಏನೂ ಮಾತಾಡದೆ ಇನ್‌ಸ್ಟಾಲರ್ ಮುಚ್ಚಿದೆ. "ಟೀ ಮಾಡ್ತೀಯಾ?" ಅಂತ ಅಮ್ಮನನ್ನು ಕೇಳಿದೆ. ನನ್ನ ಮುಖ ನೋಡಿ ಅವಳೂ ಏನೂ ಕೇಳದೆ ಒಳಗೆ ಹೋದಳು. ಅವತ್ತು ರಾತ್ರಿ ಆ ಫೋಲ್ಡರನ್ನು ಮೂರು ಕಡೆ ಪ್ರತಿ ಮಾಡಿದೆ. ಬೆಳಿಗ್ಗೆ, ಅಳಿಸುವ ಗಂಡಸುತನವನ್ನೆಲ್ಲ ಬಿಟ್ಟು, ವಿಂಡೋಸಿನ ಪಕ್ಕದಲ್ಲೇ ಮಿಂಟ್ ಹಾಕಿದೆ.

ಹಾಕಿದ್ದು ಮುಕ್ಕಾಲು ಗಂಟೆಯ ಕೆಲಸ. ವೈಫೈ ವಿಚಾರಕ್ಕೆ ಅರ್ಧ ದಿನ ಹೋಯಿತು. ಕೊನೆಗೆ ಗೊತ್ತಾಗಿದ್ದೇನೆಂದರೆ, ಆ ವೈಫೈ ಕಾರ್ಡಿನಲ್ಲಿ ಆಂಟೆನಾ ಸಿಕ್ಕಿಸಲು ಎರಡು ಜಾಗ ಇದೆ, ಇದ್ದದ್ದು ಒಂದೇ ಆಂಟೆನಾ. ಲಿನಕ್ಸಿನ ಡ್ರೈವರ್ ಖಾಲಿ ಜಾಗದ ಕಡೆ ಕಿವಿಗೊಟ್ಟು ಕೂತಿತ್ತು! ಒಂದು ಫೈಲಿನಲ್ಲಿ ಒಂದು ಸಾಲು ಬರೆದು "ಆ ಕಡೆ ಅಲ್ಲ, ಈ ಕಡೆ ಕೇಳು" ಅಂದ ಮೇಲೆ ಜಗುಲಿಗೂ ಸಿಗ್ನಲ್ ಬಂತು. ಮರುದಿನ ವಿಂಡೋಸಿಗೆ ಹೋಗಿ ನೋಡಿದರೆ ಬೆಳಿಗ್ಗೆ ಹನ್ನೊಂದಕ್ಕೆ ಗಡಿಯಾರ ಐದೂವರೆ ತೋರಿಸುತ್ತಿದೆ. ಲಿನಕ್ಸ್ ಯಂತ್ರದ ಗಡಿಯಾರದಲ್ಲಿ ಯುಟಿಸಿ ಸಮಯ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಅಂದುಕೊಳ್ಳುತ್ತದೆ. ನಡುವಿನ ವ್ಯತ್ಯಾಸ ನಮ್ಮ ದೇಶದ ಐದೂವರೆ ಗಂಟೆ. ಅಪ್ಪ ಪೇಪರಿನಿಂದ ತಲೆಯೆತ್ತಿ "ಓಡೋ ಗಾಡಿ ಇಂಜಿನ್ ಬಿಚ್ಚಬೇಡ ಅಂದ್ರೆ ಕೇಳಲ್ಲ" ಅಂದರು. ಅದಕ್ಕೂ ಒಂದು ಸಾಲಿನ ಮದ್ದಿತ್ತು.

ಇನ್ನೊಂದು ಮಾತು. ಲಿನಕ್ಸ್ ಹಾಕಿದ ಕೂಡಲೇ ಹಳೆಯ ಲ್ಯಾಪ್‌ಟಾಪ್ ರಾಕೆಟ್ ಆಗುತ್ತದೆ ಅಂತ ಭಕ್ತರು ಹೇಳುತ್ತಾರಲ್ಲ, ಪೂರ್ತಿ ನಂಬಬೇಡಿ. ಮೊದಲಿಗಿಂತ ಚುರುಕಾಯಿತು, ನಿಜ. ಆದರೆ 4 ಜಿಬಿಯಲ್ಲಿ ಬ್ರೌಸರಿನ ಹತ್ತು ಟ್ಯಾಬ್ ತೆರೆದರೆ ಲಿನಕ್ಸಿಗೂ ಏದುಸಿರು ಬರುತ್ತದೆ. ತಿರುಗುವ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದು ಆಮೇಲೆ, ನಿಜವಾದ ವ್ಯತ್ಯಾಸ ಕಂಡಿದ್ದು ಅದರಿಂದ.

ಇಷ್ಟೆಲ್ಲ ಆಗಿ, ಅಮ್ಮನನ್ನು ಕರೆದು ಕೂರಿಸಿ, ಹೆಮ್ಮೆಯಿಂದ 'ಅಮ್ಮ' ಫೋಲ್ಡರಿನ ಮೊದಲ ಫೈಲು ತೆರೆದೆ. ಲಿಬ್ರೆ ಆಫೀಸ್ ತೆರೆದುಕೊಂಡಿತು. ಪರದೆಯ ತುಂಬ ಬಾಲ, ಟೋಪಿ, ಚುಕ್ಕಿ ಇಟ್ಟುಕೊಂಡ ವಿಚಿತ್ರ ಇಂಗ್ಲಿಷ್ ಅಕ್ಷರಗಳು. ಎರಡನೆಯ ಫೈಲೂ ಹಾಗೇ. ಮೂರನೆಯದೂ.

"ಅಜ್ಜಿ ಹಾಡು ಎಲ್ಲೋ?" ಅಂದಳು ಅಮ್ಮ. ಅವಳ ದನಿ ಸಣ್ಣಗಾಗಿತ್ತು.

ನನಗೆ ತಕ್ಷಣ ಹೊಳೆಯಿತು, ಆದರೆ ಅವಳಿಗೆ ಹೇಗೆ ಹೇಳುವುದು? ಅಮ್ಮ ಬರೆದಿದ್ದು ಯೂನಿಕೋಡಿನಲ್ಲಲ್ಲ, ನುಡಿಯ ಹಳೆಯ ಪದ್ಧತಿಯ ಫಾಂಟಿನಲ್ಲಿ. ಆ ಪದ್ಧತಿಯಲ್ಲಿ ಕಂಪ್ಯೂಟರಿಗೆ ತಾನು ಕನ್ನಡ ಇಟ್ಟುಕೊಂಡಿದ್ದೇನೆ ಅನ್ನುವುದೇ ಗೊತ್ತಿರುವುದಿಲ್ಲ. ಇಂಗ್ಲಿಷಿಗೂ ಯುರೋಪಿನ ಬೇರೆ ಭಾಷೆಗಳಿಗೂ ಅಂತ ಮೀಸಲಾದ ಅಂಕೆಗಳ ಮೇಲೆ ಕನ್ನಡ ಅಕ್ಷರದ ತುಂಡುಗಳ ಚಿತ್ರ ಕೂರಿಸಿರುತ್ತಾರೆ. ಒಂದು ತುಂಡು ದೇಹ, ಒಂದು ತುಂಡು ತಲೆಕಟ್ಟು, ಒಂದು ಕೊಂಬು. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಫಾಂಟ್ ಇಲ್ಲದಿದ್ದರೆ ಮುಖವಾಡ ಕಳಚಿ ಬೀಳುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗ ಸಿಕ್ಕಿತ್ತಾದರೂ, ವಿಂಡೋಸಿನಲ್ಲಿ ಅದು ಮೂಡಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕನ್ನಡ ಬರೆಯಬೇಕು ಅಂದವರಿಗೆ ಇದೇ ದಾರಿ. ಆಮೇಲೂ ಡಿಟಿಪಿ ಅಂಗಡಿಯವರು ಹಳೆಯ ಫಾಂಟನ್ನೇ ಕೇಳುತ್ತಿದ್ದರು. ಪುಸ್ತಕ ಮಾಡಿಸುವ ಆಸೆಯಿಂದ ಅಮ್ಮ ಅವರು ಹೇಳಿದ ಹಾಗೆ ಬರೆದಿದ್ದಳು. ಹೊಸ ವಿಂಡೋಸ್ ಕಂಪ್ಯೂಟರ್ ಕೊಡಿಸಿ ಫಾಂಟ್ ಹಾಕಲು ಮರೆತಿದ್ದರೂ ಇದೇ ಕಲಬೆರಕೆ ಕಾಣುತ್ತಿತ್ತು.

ವಿಂಡೋಸ್ ಕಡೆಯಿಂದ ನುಡಿ ಫಾಂಟುಗಳನ್ನು ತಂದು ಮಿಂಟಿನ ಫಾಂಟ್ ಫೋಲ್ಡರಿಗೆ ಹಾಕಿದೆ. ಹಾಡುಗಳು ವಾಪಸ್ ಬಂದವು. ಅಮ್ಮ ಉಸಿರು ಬಿಟ್ಟಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನಗೆ ಒಂಥರಾ ಆಯಿತು. ಅಜ್ಜಿಯ ಹಾಡು ಒಂದು ಫಾಂಟಿನ ಹಂಗಿನಲ್ಲಿ ಎಷ್ಟು ದಿನ ಇರಬೇಕು? ಇನ್ನು ಇಪ್ಪತ್ತು ವರ್ಷ ಬಿಟ್ಟು ಯಾರೋ ಈ ಫೈಲು ತೆರೆದರೆ ಅದು ಕನ್ನಡ ಅಂತ ಅವರಿಗೆ ಹೊಳೆಯುತ್ತದೆಯೇ?

ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ ಮುಕ್ತ ತಂತ್ರಾಂಶಗಳನ್ನು ಕನ್ನಡದ ಹುಡುಗರು ಬಹಳ ಹಿಂದೆಯೇ ಬರೆದಿಟ್ಟಿದ್ದಾರೆ. ಅಂಥದ್ದೊಂದನ್ನು ಇಳಿಸಿಕೊಂಡು 41 ಫೈಲನ್ನೂ ಅದರೊಳಗೆ ಹಾಕಿ ತೆಗೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಎದೆಯುಬ್ಬಿಸಿ ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಏರಿಸಿ, ಕಾಪಿ ತಿದ್ದುವ ಟೀಚರ್ ಆಗಿ, ಮೊದಲ ಪುಟದಲ್ಲೇ ಏಳು ತಪ್ಪು ಹಿಡಿದಳು. ಹಾಡಿನ ಕೆಳಗೆ ಇಂಗ್ಲಿಷಿನಲ್ಲಿ ಹಾಕಿದ್ದ ತಿಂಗಳ ಹೆಸರುಗಳು ಯಾರೂ ಉಚ್ಚರಿಸಲಾಗದ ಕನ್ನಡವಾಗಿದ್ದವು. ಹಲವು ಕಡೆ ಅರ್ಕಾವತ್ತಿನ ಗೋಳು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಹಾಗೆ ರಕಾರ ಮೊದಲು ಬರಬೇಕು. ತಂತ್ರಾಂಶ ಅದನ್ನು ಸರಿಯಾಗಿಯೇ ಹಿಂದೆಮುಂದೆ ಮಾಡಿತ್ತು. ಆದರೆ ನಮ್ಮಮ್ಮ ಎಷ್ಟೋ ಕಡೆ ಅರ್ಕಾವತ್ತಿನ ಬದಲು ಅದರ ಹಾಗೇ ಕಾಣುವ ಕನ್ನಡದ ಒಂಬತ್ತನ್ನು ಒತ್ತಿದ್ದಳು! 'ಸ್ವರ್ಗ' ಹೋಗಿ 'ಸ್ವಗ೯' ಆಗಿತ್ತು. "ಕಂಪ್ಯೂಟರಿನ ತಪ್ಪಲ್ಲಮ್ಮ, ಟೀಚರ್ ತಪ್ಪು" ಅಂದೆ. ತಲೆಗೆ ಮೊಟಕಿದಳು.

ಹಾಗಾಗಿ ಒಂದೊಂದೇ ಸಾಲು ಹೋಲಿಸಿ ನೋಡುವುದು ಅನಿವಾರ್ಯವಾಯಿತು. ನಾನು ಹೊಸ ಫೈಲು ನೋಡುತ್ತಾ ಕೂರುವುದು, ಅಮ್ಮ ಹಳೆಯ ಪ್ರಿಂಟು ಹಿಡಿದು ಓದುವುದು. ಓದಿದರೆ ಅವಳಿಗೆ ಸರಿಹೋಗಲಿಲ್ಲ. "ಓದಿದ್ರೆ ತಪ್ಪು ಗೊತ್ತಾಗಲ್ಲ ಕಣೋ, ಹೇಳಿದ್ರೆ ಗೊತ್ತಾಗತ್ತೆ" ಅಂತ ಹಾಡಲು ಶುರುಮಾಡಿದಳು. ನಮ್ಮ ಕಡೆ ಹಾಡು 'ಹೇಳುವುದು' ಅನ್ನುತ್ತಾರೆ. ಅಮ್ಮ ಹಾಡಿದ್ದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು. ಅಪ್ಪ ಪೇಪರ್ ಮಡಚಿಟ್ಟು ಬಂದು ಕೂತರು.

ಎಂಟನೆಯ ಹಾಡೋ ಒಂಬತ್ತನೆಯದೋ. ಹಸೆಗೆ ಕರೆಯುವ ಹಾಡು. ಅಮ್ಮ ಒಂದು ಸಾಲಿನಲ್ಲಿ ಎಡವಿದಳು. ಮತ್ತೆ ಹೇಳಿದಳು, ಮತ್ತೆ ಎಡವಿದಳು. ನಾನು ಹೊಸ ಫೈಲು ನೋಡಿದೆ, ಹಳೆಯದನ್ನೂ ನೋಡಿದೆ. ಎರಡೂ ಕಡೆ 'ಮದುವಣಗಿತ್ತಿ' ಅಂತ ಸರಿಯಾಗಿಯೇ ಇತ್ತು. "ಸರಿ ಇದೆಯಲ್ಲಮ್ಮ" ಅಂದೆ. ಅಮ್ಮ ಪ್ರಿಂಟ್ ಕೆಳಗಿಟ್ಟಳು. ಕಣ್ಣು ಮುಚ್ಚಿ, ಕಾಗದ ನೋಡದೆ ಹೇಳಿದಳು. ಈ ಸಲ ಎಡವಲಿಲ್ಲ. ಅವಳ ಬಾಯಲ್ಲಿ ಬಂದಿದ್ದು 'ಮದಲಗಿತ್ತಿ'. ಧಾಟಿಯಲ್ಲಿ ಒಂದು ಅಕ್ಷರ ಕಡಿಮೆ, ಸರಿಯಾಗಿ ಕೂತಿತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಅಜ್ಜಿ ಹೇಳ್ತಿದ್ದಿದ್ದು ಹಾಗೇ. ನಾನೇ ತಿದ್ದಿ ಬರೆದಿದ್ದೆ. ಟೀಚರ್ ಅಲ್ವಾ... ಪುಸ್ತಕ ಆದಾಗ ಜನ ಓದ್ತಾರೆ, ಶುದ್ಧವಾಗಿರಲಿ ಅಂತ."

"ಯಾವುದು ಇಡೋಣ?"

"ಅಜ್ಜಿದೇ ಇರಲಿ."

ಅಲ್ಲಿಂದ ಮುಂದೆ ನಮ್ಮ ಕೆಲಸವೇ ಬದಲಾಯಿತು. ಕಂಪ್ಯೂಟರ್ ಮಾಡಿದ ತಪ್ಪಿನ ಜೊತೆಗೆ ಅಮ್ಮ ಮಾಡಿದ 'ಸರಿ'ಗಳನ್ನೂ ಹುಡುಕಿ ತೆಗೆಯುತ್ತಾ ಹೋದೆವು. ಎಲ್ಲವೂ ಸಿಗಲಿಲ್ಲ. ಕೆಲವು ಕಡೆ ಅಜ್ಜಿ ಏನು ಹೇಳುತ್ತಿದ್ದಳು ಅನ್ನುವುದು ಅಮ್ಮನಿಗೇ ನೆನಪಿಲ್ಲ. ಅಂಥ ಕಡೆ ಹಾಗೇ ಬಿಟ್ಟು ಪಕ್ಕದಲ್ಲೊಂದು ಪ್ರಶ್ನಾರ್ಥಕ ಹಾಕಿದ್ದೇವೆ. ರಜೆ ಮುಗಿದು ನಾನು ಬೆಂಗಳೂರಿಗೆ ಬರುವ ಹೊತ್ತಿಗೆ 20 ಹಾಡು ಆಗಿತ್ತು. ಉಳಿದಿದ್ದನ್ನು ಅಮ್ಮನೇ ಮಾಡುತ್ತಿದ್ದಾಳೆ. ಕೀಲಿಮಣೆಯದೂ ಸ್ವಲ್ಪ ರಗಳೆ ಆಗಿತ್ತು. ಮಿಂಟಿನ ಪಟ್ಟಿಯಲ್ಲಿದ್ದ ಕಗಪ ವಿನ್ಯಾಸದಲ್ಲಿ ಸ್ವರಗಳ ವರಸೆ ಅವಳ ಕೈಗೆ ಒಗ್ಗಲಿಲ್ಲ. ಐಬಸ್ ಮತ್ತು ಎಂ17ಎನ್ ಹಾಕಿ ಅದರಲ್ಲಿರುವ ಕೆಜಿಪಿ ಆರಿಸಿದ ಮೇಲೆ ಸರಿಹೋಯಿತು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಅದು. ನುಡಿಯಲ್ಲಿ ಕಲಿತ ಬೆರಳು ಲಿನಕ್ಸಿನಲ್ಲೂ ಹಾಗೇ ಓಡುತ್ತದೆ, ಅಮ್ಮ ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ.

ವಿಂಡೋಸ್ ಇನ್ನೂ ಅದೇ ಲ್ಯಾಪ್‌ಟಾಪಿನಲ್ಲಿದೆ. ಡಿಟಿಪಿ ಅಂಗಡಿಯವರಿಗೆ ಹಳೆಯ ಫಾಂಟಿನ ಪತ್ರ ಕೊಡಬೇಕಾದಾಗ ಅಮ್ಮ ಇಂಟರ್ನೆಟ್ ತೆಗೆದು ಅದರೊಳಗೆ ಹೋಗಿ ಬರುತ್ತಾಳೆ. ನಾನೂ ಆಫೀಸಿನಲ್ಲಿ ವಿಂಡೋಸಿನಲ್ಲೇ ಇದ್ದೇನೆ, ಭಕ್ತನಾಗಿಲ್ಲ. ಲಿನಕ್ಸ್ ಗೆದ್ದಿತೋ ವಿಂಡೋಸ್ ಸೋತಿತೋ ಅಂತ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆಪರೇಟಿಂಗ್ ಸಿಸ್ಟಂ ಬದಲಿಸುವುದು ಮುಕ್ಕಾಲು ಗಂಟೆಯ ಕೆಲಸ ಅಂತ ಗೊತ್ತಾಯಿತು. ನಮ್ಮನ್ನು ಕಟ್ಟಿಹಾಕಿದ್ದು ಅದಲ್ಲ, ಫೈಲಿನೊಳಗಿನ ಅಕ್ಷರ. ಲ್ಯಾಪ್‌ಟಾಪ್ ಬದಲಿಸಲು ಹೋಗದಿದ್ದರೆ ಅದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಮೊದಲೆಲ್ಲ ಯಾರಿಗಾದರೂ ಹಾಡು ಕಳಿಸಬೇಕಾದರೆ ಪರದೆಯ ಫೋಟೋ ಹೊಡೆದು ಕಳಿಸುತ್ತಿದ್ದಳು. ಈಗ ಅಕ್ಷರವನ್ನೇ ಪ್ರತಿ ಮಾಡಿ ವಾಟ್ಸಾಪಿಗೆ ಹಾಕುತ್ತಾಳೆ. ಶಿರಸಿಯಲ್ಲಿರುವ ಚಿಕ್ಕಮ್ಮನಿಗೆ ಒಂದು ತೊಟ್ಟಿಲ ಹಾಡು ಕಳಿಸಿದಳಂತೆ, ಪ್ರಶ್ನಾರ್ಥಕ ಚಿಹ್ನೆ ಇದ್ದದ್ದು. ಹತ್ತು ನಿಮಿಷಕ್ಕೆ ಚಿಕ್ಕಮ್ಮನ ಧ್ವನಿ ಸಂದೇಶ ಬಂತಂತೆ: "ಅಕ್ಕಾ, ಹೀಗಲ್ವೇ ಅದು, ಅಮ್ಮ ಹೇಳ್ತಿದ್ದಿದ್ದು ಬೇರೆ" ಅಂತ ಪೂರ್ತಿ ಹಾಡಿಯೇ ಕಳಿಸಿದ್ದಾಳೆ. ಈಗ ಅಕ್ಕತಂಗಿಯರ ನಡುವೆ ಯಾವುದು ಸರಿ ಅಂತ ದಿನಾ ಜಗಳ. ಅಮ್ಮ ಬಹಳ ಖುಷಿಯಲ್ಲಿದ್ದಾಳೆ.

ನಿಮ್ಮಲ್ಲೂ ಯಾರಾದರೂ ಹಳೆಯ ಕಂಪ್ಯೂಟರಿಗೆ ಹೊಸ ಲಿನಕ್ಸ್ ಹಾಕುವ ಯೋಚನೆಯಲ್ಲಿದ್ದರೆ ಧೈರ್ಯವಾಗಿ ಹಾಕಿ, ಚೆನ್ನಾಗಿದೆ. ಆ ಅಳಿಸು ಬಟನ್ ಒತ್ತುವ ಮೊದಲು ಮಾತ್ರ ಅಮ್ಮನನ್ನೋ ಅಪ್ಪನನ್ನೋ ಒಮ್ಮೆ ಕರೆದು ಹಿಂದೆ ನಿಲ್ಲಿಸಿಕೊಳ್ಳಿ. ಅಂದಹಾಗೆ, ನಿಮ್ಮ ಮನೆಯ ಡಿ ಡ್ರೈವಿನಲ್ಲಿ ಏನಿದೆ?